ಅರ್ಥಿಂಗ್

ಪೆನ್ಷನ್ ಮೊಹಲ್ಲಾ, ಹಿಂದಿನ ಗಲ್ಲಿ,
ಹತ್ತಡಿಗೆ ಎಂಟಡಿ ಕೋಣೆ.
ಅದರ ತುಂಬ ಸುಟ್ಟ ಮೋಟಾರುಗಳಿದ್ದವು,
ವಾರಸುದಾರರು ಮರೆತ ಮಿಕ್ಸಿಗಳಿದ್ದವು.
ಒಂದು ಭಾನುವಾರ ಎಲ್ಲವನ್ನೂ ತೂಕಕ್ಕೆ ಹಾಕಿದೆ.
ಬಂದ ದುಡ್ಡಿಗೆ ಒಂದು ಮೈಕು, ಅರ್ಧ ಸೌಂಡ್ ಕಾರ್ಡು;
ಉಳಿದರ್ಧಕ್ಕೆ ಹೆಂಡತಿಯ ಚೀಟಿ ದುಡ್ಡು.
ಅದನ್ನೆಲ್ಲ ಬರೆಯಬೇಡ ಅಂದಿದ್ದಾಳೆ.

ಗೋಡೆಗೇನು ಮಾಡುವುದು ಅನ್ನುವಾಗ
ಹಾಸಿಗೆ ಅಂಗಡಿಯ ಇಮ್ತಿಯಾಜ್
ಆಟೋದಲ್ಲಿ ತುಂಬಿಕೊಂಡು ಬಂದ
ಹಳೇ ಗಾದಿಗಳ ಕರಿ ಹತ್ತಿ,
ಯಾರ್ಯಾರೋ ಮಲಗಿ, ಎದ್ದು, ಚಪ್ಪಟೆ ಮಾಡಿದ್ದು.
ಆಲೂಗೆಡ್ಡೆ ಮಂಡಿಯ ಗೋಣಿಗೆ ತುಂಬಿ
ಮೂರು ರಾತ್ರಿ ದಬ್ಬಣ ಹಿಡಿದೆವು.
ಈಗಲೂ ಬಿಸಿಲೇರಿದರೆ ಕೋಣೆ ಹೊಲದ ವಾಸನೆ,
ಹಾಡಲು ಬಂದವರು ಮೊದಲು ಸೀನುತ್ತಾರೆ.
ನಡುವೆ ನಿಂತು ಚಪ್ಪಾಳೆ ತಟ್ಟಿದೆ.
ಸದ್ದು ಹೋಯಿತು, ವಾಪಸು ಬರಲಿಲ್ಲ,
ನೆಂಟರಿಗೆ ಕೊಟ್ಟ ಸಾಲದ ಹಾಗೆ.

ಗೆದ್ದೆ ಅಂತ ಹೆಡ್‌ಫೋನ್ ಹಾಕಿದರೆ
ಗುಂಯ್.
ಇಪ್ಪತ್ತು ವರ್ಷ ಊರಿನ ಕಾಯಿಲು ಸುತ್ತಿದವನು,
ನನಗೆ ಗೊತ್ತಿಲ್ಲವೇ ಈ ದುಂಬಿ?
‘ಮನೆಗೆ ಅರ್ಥ್ ಇಲ್ಲ ಕಣೇ’ ಅಂದೆ.
‘ಮದುವೆಯಾದಾಗಿಂದ ನಾನೂ ಅದನ್ನೇ ಹೇಳ್ತಿದ್ದೀನಿ’
ಅಂದಳು.

ಬಚ್ಚಲ ಹಿಂದೆ ಆರಡಿ ತೋಡಿದೆವು.
ಒಂದು ಪದರ ಇದ್ದಿಲು, ಒಂದು ಪದರ ಉಪ್ಪು,
ನಡುವೆ ತಾಮ್ರದ ಪಟ್ಟಿ.
ಕಾಂಪೌಂಡಿನಾಚೆ ದೇವೀರಮ್ಮ ಇಣುಕಿ,
‘ಯಾರನ್ನ ಹೂಳ್ತಿದ್ದೀರಪ್ಪ, ಉಪ್ಪು ಸುರಿದು?’
‘ಒಂದು ಸದ್ದು ಕಣಮ್ಮ.’
‘ಅಯ್ಯೋ, ವಯಸ್ಸೆಷ್ಟಾಗಿತ್ತು?’

ಹಾಡು ನನ್ನ ತಲೆಯಲ್ಲಿ ಇದ್ದದ್ದು ಹೀಗೆ:
ಇಮ್ತಿಯಾಜನ ಅಪ್ಪ ಹತ್ತಿ ಹಿಂಜುತ್ತಿದ್ದ ಬಿಲ್ಲು,
ಅದರ ನರದ ಠೇಂಕಾರವೇ ಬೇಸ್ ಗಿಟಾರು.
ಮೇಲೆ ಪಾಲಿಟೆಕ್ನಿಕ್ಕಿನ ಹರ್ಷಿಣಿ
ಬಸ್‌ಸ್ಟ್ಯಾಂಡಿನ ಕೂಗನ್ನೇ ರ‍್ಯಾಪ್ ಮಾಡುತ್ತಾಳೆ,
ಆಲೂರಾಲೂರಾಲೂರು, ಅರಕಲಗೂಡು, ಅರಸೀಕೆರೆ,
ಉಸಿರು ಎಲ್ಲಿ ಎಳೆದುಕೊಳ್ಳುತ್ತಾಳೋ ತಿಳಿಯದು.
ನಡುವೆ ದೇವೀರಮ್ಮನ ಸೋಬಾನೆ.
‘ಸೋಬಾನೆಗೂ ರ‍್ಯಾಪಿಗೂ ಏನು ಸಂಬಂಧ?’ ಇಮ್ತಿಯಾಜ್ ಕೇಳಿದ.
‘ಬೀಗರು’ ಅಂದೆ.

ಅವಳು ಬಂದಳು, ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ,
ಮೈಕಿಗೊಂದು ನಮಸ್ಕಾರ ಹಾಕಿ ಕೂತಳು.
ಎತ್ತಿದಳು. ಸ್ವರ ಇಳಿಯಿತು.
ಮತ್ತೆ ಎತ್ತಿದಳು. ಏರಿ ಎಲ್ಲೋ ಹೋಯಿತು.
ಮೂರನೇ ಸಲ ಸೆರಗು ಕೊಡವಿ ಎದ್ದೇಬಿಟ್ಟಳು.
‘ಇದೆಂಥ ಕೋಣೆಯೋ,
ಹಿಡ್ಕೊಳಕ್ಕೆ ಒಂದು ಗೋಡೆ ಇಲ್ಲ.’

ನಾಲ್ಕು ದಿನ ಬಿಟ್ಟು ಅವಳ ಅಡುಗೆಮನೆಗೇ ಮೈಕು ಒಯ್ದೆ.
ಪಾತ್ರೆ ತಿಕ್ಕುತ್ತ ಹಾಡಿದಳು. ಕೂದಲೆಳೆ ಆಚೀಚೆ ಇಲ್ಲ.
ಬಾಗಿಲ ಪಕ್ಕ ಹಳೇ ಫ್ರಿಜ್ಜು,
ನಾನೇ ಎರಡು ಸಲ ರಿಪೇರಿ ಮಾಡಿದ್ದು.
ಗುಂಯ್.
ಅವಳ ಷಡ್ಜ ಅಲ್ಲಿತ್ತು,
ಸೊಪ್ಪು, ಮೊಸರು, ಮಾತ್ರೆಗಳ ಜೊತೆ.
ಹೇಳಲೋ ಬೇಡವೋ ಅಂದುಕೊಂಡೆ.
ಹೇಳಲಿಲ್ಲ.

ಅರ್ಧ ಗಂಟೆ ಬರೀ ಫ್ರಿಜ್ಜನ್ನು ರೆಕಾರ್ಡ್ ಮಾಡಿದೆ.
(ಅವಳ ಮೊಮ್ಮಗ ಇವತ್ತಿಗೂ ನನ್ನನ್ನು ಕಂಡರೆ ನಗುತ್ತಾನೆ.)
ಬಿಲ್ಲಿನ ನರವನ್ನು ಅದಕ್ಕೇ ಬಿಗಿದೆವು,
ಹರ್ಷಿಣಿಯ ಅರಸೀಕೆರೆಯನ್ನು ಅದರ ಮೇಲೆ ನಿಲ್ಲಿಸಿದೆವು.
ಉಪ್ಪು ಹಾಕಿ ಹೂತದ್ದನ್ನು
ನಾನೇ ಕೈಹಿಡಿದು ಒಳಗೆ ಕರೆತಂದೆ.
‘ಫ್ರಿಜ್ಜು ಜಾಸ್ತಿ ಕೇಳ್ತಿದೆ, ಕಮ್ಮಿ ಮಾಡು’ ಅಂದ ಇಮ್ತಿಯಾಜ್.
ಒಂದು ಚೂರು ಕಮ್ಮಿ ಮಾಡಿದೆ.
ಅವನು ಚಹಾಕ್ಕೆ ಹೋದಾಗ ಮತ್ತೆ ಏರಿಸಿದೆ.

ದೀಪಾವಳಿಗೆ ಅವಳ ಮಗ ಕಂತಿನಲ್ಲಿ ಹೊಸದು ತಂದ.
ಸದ್ದೇ ಮಾಡುವುದಿಲ್ಲವಂತೆ, ಒಳಗೆ ನೀಲಿ ದೀಪವಂತೆ.
ಹಳೆಯದು ನನ್ನ ಕೋಣೆಯ ಮೂಲೆಗೆ ಬಂತು,
ಸುಟ್ಟ ಮೋಟಾರುಗಳಿದ್ದ ಜಾಗಕ್ಕೆ.
ಸಂಜೆ ದೇವೀರಮ್ಮ ಪಾತ್ರೆ ಹಿಡಿದು ಬರುತ್ತಾಳೆ,
ಹಾಲು ಇಡಬೇಕು ಅನ್ನುತ್ತಾಳೆ,
ಹೊಸದರಲ್ಲಿ ಜಾಗವಿಲ್ಲವಂತೆ.
ಇಟ್ಟು ಹೋಗುವುದಿಲ್ಲ.